ಮಂಗಳದ ಸುದ್ದಿಗೆ ಲಂಡನ್ನಿನ ಬೀಗ

ಕಳೆದ ವಾರ ಲಂಡನ್ನಿನವರು ನನ್ನನ್ನು ಕಳ್ಳನೆಂದು ಅನುಮಾನಿಸಿದರು. ನಾನೋ, ಗೋಕಾಕದ ಸೈಬರ್ ಕೆಫೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ!

ಆದದ್ದಿಷ್ಟು. ಲಂಡನ್ನಿನ ಪತ್ರಿಕೆಯೊಂದನ್ನು ಇಂಟರ್ನೆಟ್ಟಿನಲ್ಲಿ ಓದುವ ಆಸೆ ನನಗೆ. ಚಂದಾ ಕಟ್ಟಲು ಹೋದರೆ ಅವರ ವೆಬ್‌ಸೈಟು ನಮ್ಮ ಬ್ಯಾಂಕಿನ ಕಾರ್ಡು ನಡೆಯುವುದಿಲ್ಲ ಎಂದಿತು. ಪಿನ್‌ಕೋಡ್ ಬರೆದರೆ ತಪ್ಪು ಎಂದಿತು. (ನಮ್ಮ ಪೋಸ್ಟ್‌ಮನ್‌ಗಂತೂ ಅದು ಎಂದೂ ತಪ್ಪೆನಿಸಿಲ್ಲ.) ಕೊನೆಗೆ ಪುಣೆಯ ಭಾವನ ಕಾರ್ಡು, ಅವನ ವಿಳಾಸ ಕೈಹಿಡಿದವು. ಲಂಡನ್ನಿನವರ ಮನೆಬಾಗಿಲಿಗೆ ಬೀಳುವ ಮೊದಲೇ ಪತ್ರಿಕೆ ನನ್ನ ಕಣ್ಣೆದುರು!

ಇಂಥದ್ದನ್ನು ಒಬ್ಬನೇ ಓದಲಾದೀತೇ? ನಮ್ಮ ಚಹಾದಂಗಡಿಗೆ ಒಂದು ಪೇಪರ್ ಬಂದರೆ ಹಾಳೆ ಹಾಳೆ ಬಿಡಿಸಿ ಹಂಚಿಕೊಳ್ಳುತ್ತೇವೆ. ಕ್ರಿಕೆಟ್ ಒಬ್ಬನಿಗೆ, ಬೆಲ್ಲದ ಧಾರಣೆ ಇನ್ನೊಬ್ಬನಿಗೆ. ಅದೇ ರೂಢಿಯಲ್ಲಿ ಪಾಸ್‌ವರ್ಡನ್ನು ಮೂಡಲಗಿಯ ಗೆಳೆಯನಿಗೂ ಹುಕ್ಕೇರಿಯ ತಂಗಿಗೂ ಕೊಟ್ಟೆ. ಅವರು ಇನ್ಯಾರಿಗೆ ಕೊಟ್ಟರೋ!

ಮಂಗಳ ಗ್ರಹದ ಮೇಲೆ ಈಗ ಯಂತ್ರದ ಗಾಡಿ ಓಡಾಡುತ್ತಿದೆಯಲ್ಲ, ಅದರ ಫೋಟೋ ನೋಡಲು ಅಪ್ಪನ ಗೆಳೆಯ ತವನಪ್ಪ ಕಾಕಾ ಕುಲಗೋಡದಿಂದ ಬಸ್ಸು ಹತ್ತಿ ಬರುತ್ತಾರೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿ, ಬೋರ್‌ವೆಲ್ಲಿಗೆ ನೀರಿನ ಜಾಗ ತೋರಿಸುವವರು ಅವರು. ಮೊದಲ ಫೋಟೋ ಕಂಡಾಗ ಪರದೆಗೆ ಕೈಮುಗಿದುಬಿಟ್ಟರು.

"ಕೆಂಪು ಮಸಾರಿ ಭೂಮಿ ಐತೋ ತಮ್ಮಾ! ಥೇಟ್ ನಮ್ಮ ಮಡ್ಡಿ ಹೊಲ!"

ಯಾವ ಮನುಷ್ಯನೂ ತುಳಿಯದ ಮಣ್ಣು ಅದು. ಅದನ್ನು ಗೋಕಾಕದಲ್ಲಿ ಕೂತು ನೋಡುತ್ತಿದ್ದೇವೆ!

ಕಳೆದ ವಾರದ ಸುದ್ದಿಯ ತಲೆಬರಹ: ಮಂಗಳದಲ್ಲಿ ನೀರಿತ್ತೇ? ಕಾಕಾ ಕುರ್ಚಿ ಎಳೆದುಕೊಂಡರು.

"ಲಗೂ ಓದಪಾ. ಅಲ್ಲಿ ನೀರೈತೇನು ಅಂತ ಊರಾಗ ಎಲ್ಲಾರೂ ಕೇಳತಾರ, ಉತ್ತರಾ ತರತೇನಂತ ಹೇಳಿ ಬಂದೇನಿ."

ಎರಡು ಸಾಲು ಓದಿದೆ. ಪುಟ ಮಾಯ! 'ನಿಮ್ಮ ಖಾತೆಯನ್ನು ಬೇರೆಯವರು ಬಳಸುತ್ತಿರುವ ಅನುಮಾನವಿದೆ. ಸದ್ಯಕ್ಕೆ ತಡೆಹಿಡಿದಿದ್ದೇವೆ.'

"ಏನಾತು?"

"ಬಾಗಲಾ ಹಾಕ್ಯಾರ್ರಿ ಕಾಕಾ."

ಕಾಕಾನ ಮುಖ ನೋಡಲಾಗಲಿಲ್ಲ. ಬರಿಗೈಯಲ್ಲಿ ಊರಿಗೆ ಹೋಗಿ ಏನು ಹೇಳಬೇಕು ಅವರು? ಕಳ್ಳತನವಲ್ಲ, ನಮ್ಮಲ್ಲಿ ಹಂಚಿಕೊಂಡೇ ಓದುವುದು ಎಂದು ಲಂಡನ್ನಿಗೆ ಇ-ಮೇಲ್ ಬರೆದೆ.

ಮರುದಿನ ಕಾಕಾ ಮತ್ತೆ ಬಂದರು. ಲಂಡನ್ನಿನಿಂದ ಉತ್ತರವೂ ಬಂದಿತ್ತು, ಬಹಳ ಮರ್ಯಾದೆಯಿಂದ. ಚಂದಾ ಒಬ್ಬರ ಸ್ವಂತ ಓದಿಗೆ ಮಾತ್ರ. ಯಾರೊಂದಿಗೂ ಹಂಚಿಕೊಳ್ಳುವುದಿಲ್ಲವೆಂದು ಒಪ್ಪಿದರೆ ಖಾತೆ ತೆರೆಯುತ್ತಾರಂತೆ. ಕೆಳಗೆ 'ಒಪ್ಪುತ್ತೇನೆ' ಎಂಬ ಬಟನ್.

ಕಾಕಾನಿಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ನನ್ನ ಕೈ ಮೌಸಿನ ಮೇಲೇ ನಿಂತಿತ್ತು. ಅವರಿಗೆ ಸಿಟ್ಟು ಬರಲಿಲ್ಲ, ಬರೀ ಅಚ್ಚರಿ.

"ಅಲ್ಲೋ ತಮ್ಮಾ, ಮಂಗಳ ಎಲ್ಲಾರ ತಲಿ ಮ್ಯಾಲ ಐತಿ. ಅದರ ಸುದ್ದಿ ಅಷ್ಟ ಒಬ್ಬಂದ ಹೆಂಗಾಕ್ಕೈತಿ?"