ಮನೆಗೊಂದು ಕೂಣಿ

ಸೊರಬದ ಕಡೆ ಕೆರೆಬೇಟೆ ಎಂದರೆ ಗಂಡಸರಿಗೆ ಮೈಮೇಲೆ ದೇವರು ಬಂದ ಹಾಗೆ. ಬೇಸಿಗೆಯಲ್ಲಿ ನೀರು ಮೊಣಕಾಲಿಗಿಳಿದ ದಿನ ಊರಿಗೆ ಊರೇ ಮೀನು ಹಿಡಿಯಲು ಕೆರೆಗಿಳಿಯುತ್ತದೆ. ಊರೆಂದರೆ ಗಂಡಸರು. ಹೆಂಗಸರು ಏರಿಯ ಮೇಲೆ ನಿಂತು ಚೀಲ ಹಿಡಿಯಬೇಕು.

ಕೆಸರಿಗೊತ್ತಿ ಮೀನನ್ನು ಸೆರೆಹಿಡಿಯುವ ಬಿದಿರಿನ ಕೂಣಿಗಳನ್ನು ವರ್ಷವರ್ಷವೂ ಊರಿಗೆಲ್ಲ ಹೆಣೆದುಕೊಡುತ್ತಿದ್ದವಳು ಹುಲಿಯಮ್ಮ. ಗಂಡ ಸತ್ತು ಆರು ವರ್ಷ, ಇಬ್ಬರು ಹೆಣ್ಣುಮಕ್ಕಳು. ಗಂಡಸಿಲ್ಲದ ಮನೆಗೆ ಬೇಟೆಯಲ್ಲಿ ಪಾಲಿಲ್ಲ. ಯಾರಾದರೂ ಕನಿಕರಪಟ್ಟು ಎಸೆದ ಚೂರುಪಾರು ಮೀನನ್ನೇ ಸಾರು ಮಾಡಬೇಕು.

ಕಳೆದ ವರ್ಷ "ಮನೆಗೊಂದು ಕೂಣಿ" ಎಂದು ಡಂಗುರ ಸಾರಿದರು. ಹುಲಿಯಮ್ಮ ಸೀರೆ ಎತ್ತಿ ಕಟ್ಟಿ, ಕೂಣಿ ಹಿಡಿದು ನೀರಿಗಿಳಿದೇಬಿಟ್ಟಳು. ಕೆರೆ ಸಮಿತಿಯ ಹಾಲೇಶಪ್ಪ ಹೌಹಾರಿದ.

"ಏಯ್, ಮೇಲೆ ಬಾರೇ! ಹೆಂಗಸು ಇಳಿದ್ರೆ ಕೆರೆಯಮ್ಮ ಮುನೀತಾಳೆ. ಒಂದು ಮೀನೂ ಸಿಗಲ್ಲ."

"ಉದ್ಯೋಗ ಖಾತ್ರೀಲಿ ಇದೇ ಕೆರೆ ಹೂಳು ಹೊತ್ತೋರು ಯಾರ್ರೀ? ನಾವು ಹೆಂಗಸ್ರೇ. ಆವಾಗ ಮುನಿಲಿಲ್ವಾ ಅಮ್ಮ? ಮನೆಗೊಂದು ಅಂದ್ರಲ್ಲ, ನಂದು ಮನೆ ಅಲ್ವಾ? ನಾನು ಮನುಷ್ಯಳಲ್ವಾ?"

ಗಂಡಸರೆಲ್ಲ ದಡ ಹತ್ತಿ ಕ್ಯಾಕರಿಸಿ ಉಗಿದರು. ಅವಳು ಒಬ್ಬಳೇ ನಿಂತು ಕೂಣಿ ಒತ್ತಿದಳು. ಮೂರನೇ ಸಲಕ್ಕೆ ಒಳಗೆ ಏನೋ ಬಡಿಯಿತು. ಕೈಹಾಕಿ ಎಳೆದರೆ ಮೊಳದುದ್ದದ ಮೀನು! ಅದೇ ತಪ್ಪಾಯಿತು ನೋಡಿ. ಸಿಗದಿದ್ದರೆ ನಕ್ಕು ಸುಮ್ಮನಾಗುತ್ತಿದ್ದರೋ ಏನೋ. ಹಾಲೇಶಪ್ಪ ಬಂದು ಮೀನು ಕಿತ್ತುಕೊಂಡು ಕೆರೆಗೆಸೆದ, ಕೂಣಿಯನ್ನು ದಡಕ್ಕೆಳೆದು ತುಳಿದು ಮುರಿದ. ಏರಿಯ ಮೇಲಿನ ಹೆಂಗಸರು ಚೀಲ ಹಿಡಿದು ನೋಡುತ್ತ ನಿಂತರು. ಪಕ್ಕದ ಮನೆಯ ಲೋಕಮ್ಮನಂತೂ "ಗಂಡುಬೀರಿ" ಎಂದಳು. ಹುಲಿಯಮ್ಮನಿಗೆ ಹಾಲೇಶಪ್ಪನ ಕಾಲಿಗಿಂತ ಆ ಮಾತೇ ಹೆಚ್ಚು ಉರಿಯಿತು.

ಈ ಬೇಸಿಗೆ, ಬೇಟೆಗೆ ಎರಡೇ ದಿನ ಇರುವಾಗ ಹಾಲೇಶಪ್ಪ ಅವಳ ಬಾಗಿಲಿಗೆ ಬಂದ. ಹೋದ ವರ್ಷದ ಕೂಣಿಗಳು ಊರಲ್ಲೆಲ್ಲ ಮುರಿದು ಒಲೆ ಸೇರಿದ್ದವು. ಇವಳ ಅಂಗಳದಲ್ಲಿ ಬಿದಿರಿನ ಸಿಬಿರೂ ಇರಲಿಲ್ಲ.

"ಕೂಣಿ ಎಲ್ಲೇ?"

"ಹೆಣೆಯೋ ಕೈ ಹೆಂಗಸಿಂದು ಅಲ್ವೇನ್ರೀ? ಕೆರೆಯಮ್ಮ ಮುನೀತಾಳೆ."

"ಎಷ್ಟು ಸೊಕ್ಕೇ ನಿಂಗೆ! ಊರೋರಿಗೆ ಏನಂತ ಹೇಳಲಿ?"

ಹುಲಿಯಮ್ಮ ಒಳಗೆ ಹೋಗಿ ಹೊಸ ಕೂಣಿಯೊಂದನ್ನು ತಂದು ಹೊಸಿಲ ಮೇಲಿಟ್ಟಳು.

"ಮನೆಗೊಂದು ಅಂತ ಹೇಳ್ರಿ. ಇದು ನಮ್ಮನೇದು. ನಿಮ್ಮನೇದು ನೀವು ಹೆಣೆದ್ಕಳ್ಳಿ."