ರೇಡಿಯೋ ಪೆಟ್ಟಿಗೆಯೊಳಗಿನ ರುಜು

ಕವನ ಭದ್ರಾವತಿ ಓಲ್ಡ್ ಟೌನ್‌ನವಳು. ಶಿವಮೊಗ್ಗದ ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಹನ್ನೊಂದು ವರ್ಷವಾಗಿದೆ. ದಿನವೂ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಾಳೆ, ಸಂಜೆ ಬಸ್ಸಿನಲ್ಲೇ ಹೋಗುತ್ತಾಳೆ. ಹಳೆಯ ಮನೆಸಾಮಾನಿನೊಳಗೆ ಕಂಪ್ಯೂಟರ್ ಕೂರಿಸಿಕೊಡುವ ಕೆಲಸ ಅವಳಿಗೆ ಅಂಟಿಕೊಂಡದ್ದು ಆಕಸ್ಮಿಕವಾಗಿ. ಒಬ್ಬ ಗಿರಾಕಿ ತಮ್ಮ ಅಜ್ಜಿಯ ಕಾಲದ ದುಂಡನೆಯ ಕೇಕ್ ಓವನ್ ತಂದು, ಇದರೊಳಗೆ ಕಂಪ್ಯೂಟರ್ ಹಿಡಿಸುತ್ತದೆಯೇ ಎಂದು ತಮಾಷೆಗೆ ಕೇಳಿದ್ದರು. ಇವಳು ಹಿಡಿಸಿಯೇ ಬಿಟ್ಟಳು. ಅದರ ಫೋಟೋ ಊರೆಲ್ಲ ಮೊಬೈಲುಗಳಲ್ಲಿ ಓಡಾಡಿತು.

ಆ ಫೋಟೋ ನೋಡಿಯೇ ವಿಜಯಕುಮಾರ್ ಬಂದದ್ದು. ಕಾಲೇಜಿನಲ್ಲಿ ಪಾಠ ಮಾಡುವವರು. ಅವರ ತಂದೆ ಷಡಕ್ಷರಪ್ಪ ಭದ್ರಾವತಿಯ ನ್ಯೂ ಟೌನ್‌ನಲ್ಲಿ ಮೇಷ್ಟರಾಗಿದ್ದಾಗ ಕೊಂಡಿದ್ದ ವಾಲ್ವ್ ರೇಡಿಯೋ ಒಂದು ಅಟ್ಟದ ಮೇಲಿತ್ತು. ತಂದೆ ತೀರಿಕೊಂಡು ವರ್ಷವಾಗಿತ್ತು. ರೇಡಿಯೋ ಹಾಡುವ ಸ್ಥಿತಿಯಲ್ಲಿರಲಿಲ್ಲ, ಎಸೆಯಲು ಮನಸ್ಸಿರಲಿಲ್ಲ. ಹೊರಗಿನ ಮರದ ಪೆಟ್ಟಿಗೆ, ಮುಂದಿನ ಬಟ್ಟೆಯ ಜಾಲರಿ, ಊರುಗಳ ಹೆಸರಿರುವ ಗಾಜು ಹಾಗೇ ಇರಬೇಕು. ಎಡಗಡೆಯ ತಿರುಪು ತಿರುಗಿಸಿದರೆ ಕಂಪ್ಯೂಟರ್ ಆನ್ ಆಗಬೇಕು, ಬಲಗಡೆಯದು ದನಿ ಏರಿಸಿ ಇಳಿಸಬೇಕು ಎಂದು ಕೇಳಿಕೊಂಡರು. ಕವನ ಒಪ್ಪಿಕೊಂಡಳು.

ಮಾರನೆಯ ದಿನ ಮಧ್ಯಾಹ್ನಕ್ಕೆ ಮುಂಚೆ ಅವಳು ರೇಡಿಯೋದ ಹಿಂದಿನ ಹಲಗೆ ಬಿಚ್ಚಿದಳು. ಮೂಲೆಯಲ್ಲಿ ಕಣಜದ ಮಣ್ಣುಗೂಡು, ಎಲ್ಲೆಡೆ ಬೆರಳಷ್ಟು ಧೂಳು. ಗಾಜಿನ ಬಲ್ಬಿನಂಥ ವಾಲ್ವ್‌ಗಳನ್ನು ಒಂದೊಂದಾಗಿ ಕಿತ್ತು ಪೇಪರಿನಲ್ಲಿ ಸುತ್ತಿಟ್ಟಳು. ಅವನ್ನು ಹೊತ್ತಿದ್ದ ತಗಡಿನ ಚಾಸಿಯನ್ನು ಎಳೆದು ತೆಗೆದಳು. ಗಾಳಿಯಾಡಲು ಪೆಟ್ಟಿಗೆಯ ಮೇಲ್ಭಾಗದಲ್ಲಿ ಫ್ಯಾನಿಗೆ ತೂತು ಕೊರೆಯಬೇಕಿತ್ತು. ಅಳತೆ ಗುರುತು ಹಾಕೋಣವೆಂದು ಒಳಗಡೆ ಬ್ರಷ್ ಆಡಿಸಿ, ಟಾರ್ಚ್ ಬಿಟ್ಟಳು.

ತೂತು ಕೊರೆಯಬೇಕಿದ್ದ ಜಾಗದಲ್ಲೇ ಮರದ ಮೇಲೆ ಪೆನ್ಸಿಲಿನಲ್ಲಿ ಎರಡು ಸಾಲು ಬರೆದಿತ್ತು. ರಿಪೇರಿ ಮಾಡಿದವರು ತಾರೀಖು ಹಾಕಿಡುವುದು ವಾಡಿಕೆ, ಅದೇನು ಹೊಸದಲ್ಲ. ಮೊದಲನೆಯದು 9-2-79. ಎರಡನೆಯದು 11-8-81. ಎರಡರ ಮುಂದೆಯೂ ಒಂದೇ ರುಜು: ಕೆ. ಚೌಡಪ್ಪ, ಓಲ್ಡ್ ಟೌನ್.

ಹೆಸರು ಓದಿ ಅವಳು ನಕ್ಕಳು. ಆ ಊರಿನಲ್ಲಿ ಚೌಡಪ್ಪನವರಿಗೆ ಬರವೇ? ಆಮೇಲೆ ಅಕ್ಷರ ನೋಡಿದಳು. ಕೊನೆಯ ‘ಪ್ಪ’ದ ಕೆಳಗಿನಿಂದ ಗೆರೆ ಹೊರಟು, ಹೆಸರಿನ ಉದ್ದಕ್ಕೂ ಹಿಂದಕ್ಕೆ ಬಂದು, ‘ಚ’ವನ್ನು ಕೊಕ್ಕೆಯಂತೆ ಹಿಡಿದಿತ್ತು. ಹತ್ತು ವರ್ಷ ಅವಳ ಅಂಕಪಟ್ಟಿಯ ಕೆಳಗೆ ಕೂತಿದ್ದ ರುಜು ಅದು. ಅವಳ ಅಪ್ಪನದು.

ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡಳು.

ಅವಳು ಕಂಡ ಅಪ್ಪ ಬೇರೆ. ಉಕ್ಕಿನ ಕಾರ್ಖಾನೆಯಲ್ಲಿ ಖಲಾಸಿಯಾಗಿ ಸರಪಳಿ, ಕಬ್ಬಿಣ ಎಳೆದು ನಿವೃತ್ತರಾದ ಚೌಡಪ್ಪ. ಮನೆಯಲ್ಲಿ ಬಲ್ಬ್ ಹೋದರೆ ಪಕ್ಕದ ಮನೆಯವರನ್ನು ಕರೆಯುತ್ತಿದ್ದವರು. ಮಕ್ಕಳು ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದರೆ ಬಾಸುಂಡೆ ಬರುವಂತೆ ಹೊಡೆಯುತ್ತಿದ್ದವರು. ಅವರ ಮನೆಗೆ ರೇಡಿಯೋ ಬರಲೇ ಇಲ್ಲ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಾಗ, ಬೇರೆ ಏನು ಬೇಕಾದರೂ ಓದು, ಕರೆಂಟಿನ ಕೆಲಸ ಬೇಡ ಎಂದು ಪಟ್ಟು ಹಿಡಿದರು. ಕಾರಣ ಹೇಳಲಿಲ್ಲ. ಕೊನೆಗೆ ತಾಯಿ ಕರಿಬಸಮ್ಮನೇ ಹೋಗಿ ಸೇರಿಸಿ ಬಂದರು. ಅಪ್ಪ ಎರಡು ತಿಂಗಳು ಮಗಳ ಹತ್ತಿರ ಮಾತು ಬಿಟ್ಟರು. ಅಂಗಡಿಗೆ ಒಂದು ದಿನವೂ ಕಾಲಿಟ್ಟಿರಲಿಲ್ಲ. ಹೆಣ್ಣುಮಗಳು ಅಂಗಡಿಯಲ್ಲಿ ಕೂರುವುದು ಅವರಿಗೆ ಹಿಡಿಸದು, ಓದದ ಮನುಷ್ಯ, ತಿಳಿವಳಿಕೆ ಇಷ್ಟೇ ಎಂದು ಕವನ ತೀರ್ಮಾನಿಸಿಕೊಂಡಿದ್ದಳು. ಡಿಪ್ಲೊಮಾ ಓದುವಾಗ ಒಮ್ಮೆ ಫ್ಯೂಸ್ ಹೇಗೆ ಕೆಲಸ ಮಾಡುತ್ತದೆಂದು ಅವರನ್ನೇ ಕೂರಿಸಿಕೊಂಡು ಪಾಠ ಹೇಳಿದ್ದಳು, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ. ಅವರು ತಲೆಯಾಡಿಸುತ್ತ ಕೇಳಿದ್ದರು. ಅದು ನೆನಪಾಗಿ ಅವಳ ಕಿವಿ ಬಿಸಿಯಾಯಿತು.

ಅಮ್ಮನಿಗೆ ಫೋನ್ ಮಾಡಿದಳು. “ಅಮ್ಮ, ಅಪ್ಪ ರೇಡಿಯೋ ರಿಪೇರಿ ಮಾಡ್ತಿದ್ರಾ?”

“ಯಾರು ಹೇಳಿದ್ರು ನಿಂಗೆ?” ಎಂದು ಕೇಳಿದ ಕರಿಬಸಮ್ಮ, ಉತ್ತರಕ್ಕೆ ಕಾಯದೆ ಫೋನ್ ಇಟ್ಟುಬಿಟ್ಟರು.

ಕವನ ಷಟರ್ ಎಳೆದು ಮುಂದಿನ ಬಸ್ ಹತ್ತಿದಳು. ಮನೆಗೆ ಬಂದಾಗ ಚೌಡಪ್ಪ ಊಟ ಮುಗಿಸಿ ಜಗಲಿಯ ಮೇಲೆ ಕೂತಿದ್ದರು. ಅವಳು ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಅವರ ಮುಂದೆ ಹಿಡಿದಳು. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಪರದೆಯ ಬೆಳಕು ತಾನಾಗಿ ಆರಿತು. ಅವರು ಮತ್ತೆ ಬೆಳಕು ಮಾಡಲು ಹೇಳಿದರು.

“ಮೇಷ್ಟರ ಸೆಟ್ಟು,” ಎಂದರು. “ಇದನ್ನ ಕೊಟ್ಟು ಬಂದ ಮೂರನೇ ದಿನ ನಮ್ಮಕ್ಕ ಹೋಗಿದ್ದು.”

ಅಕ್ಕ ಎಂದರೆ ಕಾಶಮ್ಮ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಸಾಕಿದವರು. ಆ ಅತ್ತೆ ಜ್ವರ ಬಂದು ತೀರಿಕೊಂಡರೆಂದೇ ಕವನ ಕೇಳಿ ಬೆಳೆದಿದ್ದಳು. ಚೌಡಪ್ಪ ಒಂದೇ ಸಮನೆ, ಬೇರೆ ಯಾರದೋ ಸುದ್ದಿ ಹೇಳುವವರಂತೆ ಹೇಳಿದರು. ಮನೆಯ ಮುಂದಿನ ಕೋಣೆಯೇ ಅವರ ರಿಪೇರಿ ಅಂಗಡಿ. ಆ ದಿನ ಮೇಜಿನ ಮೇಲಿದ್ದದ್ದು ಬೇರೊಬ್ಬರ ರೇಡಿಯೋ, ಟ್ರಾನ್ಸ್‌ಫಾರ್ಮರ್ ಇಲ್ಲದ ಬಗೆಯದು. ಅಂಥದ್ದರಲ್ಲಿ ಮನೆಯ ಕರೆಂಟು ನೇರವಾಗಿ ಒಳಗಿನ ತಗಡಿಗೇ ಬಂದುಬಿಡುತ್ತದೆ. ಪೆಟ್ಟಿಗೆಯಿಂದ ಹೊರಗೆ ತೆಗೆದು, ಹಾಡು ನಿಲ್ಲದೆ ಬರುತ್ತದೋ ಇಲ್ಲವೋ ನೋಡಲು ಆನ್ ಮಾಡಿಟ್ಟು, ಅವರು ಟೀ ಕುಡಿಯಲು ಹೋಗಿದ್ದರು. ಕಾಶಮ್ಮ ನೆಲ ಒರೆಸುತ್ತ ಬಂದವರು ಒದ್ದೆ ಬಟ್ಟೆಯಲ್ಲಿ ಮೇಜನ್ನೂ ಒರೆಸಲು ಹೋದರು. ಬಟ್ಟೆ ಆ ತಗಡಿಗೆ ತಾಗಿತು.

“ನಾನು ವಾಪಸ್ ಬಂದಾಗ ಹಾಡು ಬರ್ತಾನೇ ಇತ್ತು,” ಎಂದರು ಚೌಡಪ್ಪ.

ಬಾಗಿಲಲ್ಲಿ ಕರಿಬಸಮ್ಮ ಸೆರಗು ಹಿಡಿದು ನಿಂತಿದ್ದರು. ಸಾಮಾನೆಲ್ಲ ಪಕ್ಕದ ಬೀದಿಯ ತಮಿಳು ಮೆಕ್ಯಾನಿಕ್‌ಗೆ ಕೊಟ್ಟು ಕಾರ್ಖಾನೆ ಸೇರಿದೆ ಎಂದರು ಚೌಡಪ್ಪ. ಜ್ವರ ಎಂದು ಹೇಳಿದ್ದು ಅವರ ಅಪ್ಪನಂತೆ. ಮಗನ ಮೇಲೆ ಊರವರ ಮಾತು ಬರಬಾರದೆಂದು.

“ನಾನು ಸೇರುವಾಗ ಹೇಳ್ಬಹುದಿತ್ತಲ್ಲ ಅಪ್ಪ.”

“ಹೇಳಿದ್ರೆ ಓದೋದು ಬಿಡ್ತಿದ್ಯಾ?”

ಅವಳು ಪ್ರಾಮಾಣಿಕವಾಗಿ ಯೋಚಿಸಿದಳು. “ಇಲ್ಲ.”

“ಬಿಡಬಾರದಿತ್ತು ಬಿಡು. ಆದ್ರೆ ದಿನಾ ನೀನು ಬಸ್ಸಿಳಿಯೋ ತನಕ ನಂಗೆ ಅದೇ ಕಣ್ಣಿಗೆ ಕಟ್ಟೋದು.”

ಇಪ್ಪತ್ತು ವರ್ಷ ಹೊತ್ತುಕೊಂಡಿದ್ದ ಸಿಟ್ಟನ್ನು ಎಲ್ಲಿಡಬೇಕೆಂದು ಅವಳಿಗೆ ಗೊತ್ತಾಗಲಿಲ್ಲ. ಅಳುವೂ ಬರಲಿಲ್ಲ. ಎದ್ದು ಒಳಗೆ ಹೋಗಿ, ಅಮ್ಮ ಬಡಿಸಿದ್ದನ್ನು ಏನೆಂದು ನೋಡದೆ ಉಂಡಳು.

ಪೆಟ್ಟಿಗೆಯ ಕೆಲಸ ಮತ್ತೆ ಶುರುಮಾಡಲು ವಾರ ಹಿಡಿಯಿತು. ಫ್ಯಾನನ್ನು ಮೇಲ್ಭಾಗ ಬಿಟ್ಟು ಹಿಂದಿನ ಹಲಗೆಗೆ ಕೂರಿಸಿದಳು. ಕಂಪ್ಯೂಟರ್ ಸ್ವಲ್ಪ ಹೆಚ್ಚು ಬಿಸಿಯಾಗುತ್ತಿತ್ತು. ತಳದಲ್ಲಿ ಇನ್ನೊಂದು ಚಿಕ್ಕ ಫ್ಯಾನ್ ಹಾಕಿ ಸರಿ ಮಾಡಿದಳು. ಕೊಡುವ ದಿನ ವಿಜಯಕುಮಾರ್ ಅವರ ಮನೆಗೇ ಹೋಗಿ ಪೆಟ್ಟಿಗೆ ಕೂರಿಸಿ, ಅವರಿಗೆ ವಿಷಯ ಹೇಳಿ ಬರಹ ತೋರಿಸಿದಳು. ಅವರು ಬಗ್ಗಿ ನೋಡಿದವರು ಹಾಗೇ ಬಗ್ಗಿಕೊಂಡೇ ಇದ್ದರು. ಓಲ್ಡ್ ಟೌನ್ ಚೌಡಪ್ಪನ ಕೈ ಬಿದ್ದರೆ ಸತ್ತ ರೇಡಿಯೋ ಎದ್ದು ಹಾಡುತ್ತದೆ ಎಂದು ತಂದೆ ಹೇಳುತ್ತಿದ್ದರಂತೆ. ಆತ ಒಂದು ದಿನ ಇದ್ದಕ್ಕಿದ್ದಂತೆ ಅಂಗಡಿ ಮುಚ್ಚಿದ್ದೇಕೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಅಪ್ಪನ ನಂಬರಿನಿಂದ ಫೋನ್ ಬಂತು. ಅವರು ತಾವಾಗಿ ಮಗಳಿಗೆ ಫೋನ್ ಮಾಡಿದವರೇ ಅಲ್ಲ. ಅಮ್ಮನಿಗೇನಾಯಿತೋ ಎಂದು ಅವಳು ಗಾಬರಿಯಿಂದ ಫೋನ್ ಎತ್ತಿದಳು.

“ಆ ಪೆಟ್ಟಿಗೇಲಿ ತಗಡು ಹಾಕಿರ್ತೀಯಲ್ಲ, ಕರೆಂಟು ನೆಲಕ್ಕೆ ಇಳಿಯೋಕೆ ಅದಕ್ಕೆ ಅರ್ತ್ ಕೊಟ್ಟಿದ್ಯಾ?”

“ಕೊಟ್ಟಿದ್ದೀನಿ ಅಪ್ಪ.”

“ಅವರ ಮನೇಲಿ ಪ್ಲಗ್ಗಿನ ಅರ್ತ್ ನೋಡಿದ್ಯಾ? ನ್ಯೂಟ್ರಲ್‌ಗೂ ಅದಕ್ಕೂ ಮಧ್ಯೆ ಮೀಟರ್ ಇಟ್ರೆ ಎಷ್ಟು ಬಂತು?”

“ಎರಡು ವೋಲ್ಟ್.”

“ಹಾಂ, ಪರವಾಗಿಲ್ಲ,” ಎಂದು ಅವರು ಫೋನ್ ಇಟ್ಟರು.

ಕವನ ಅರ್ಧ ಎತ್ತಿದ ಷಟರ್ ಕೆಳಗೆ ಹಾಗೆಯೇ ನಿಂತಿದ್ದಳು. ಪ್ರಿಂಟರ್ ಹಿಡಿದುಕೊಂಡು ಬಂದ ಗಿರಾಕಿಯೊಬ್ಬರು, ಅಂಗಡಿ ತೆಗೀತೀರೋ ಇಲ್ವೋ ಎಂದು ಎರಡು ಸಲ ಕೇಳಬೇಕಾಯಿತು.