ಅರೆಕೊಂಬಿನ ಎತ್ತು

ಮೊನ್ನೆ ಪಕ್ಕದ ಮನೆಯವರು ಗೇಟಿಗೆ ಪೇಂಟ್ ಹೊಡೆಸುತ್ತಿದ್ದರು. ಟರ್ಪೆಂಟೈನ್ ವಾಸನೆ ನಮ್ಮ ಅಡುಗೆಮನೆಯವರೆಗೂ ಬಂತು. ತಲೆನೋವಿನ ಜೊತೆಗೆ ಗಾರೆ ಮೇಸ್ತ್ರಿಯ ನೆನಪೂ ಬಂತು...

ತೊಂಬತ್ತರ ದಶಕದ ಮಾತು. ಕೆ.ಆರ್. ನಗರದ ನಮ್ಮ ಮನೆಯ ಎದುರಿಗೇ ಮಾರ್ಕೆಟ್ ಕಟ್ಟಡ. ಅದರ ತಾರಸಿಯ ಮೇಲೆ ಸಿಮೆಂಟಿನ ಜೋಡೆತ್ತು ನಿಲ್ಲಿಸಬೇಕೆಂದು ಅಂಗಡಿಯವರಿಗೆ ಹುಕಿ ಬಂತು. ಮಳೆ ಬಂದರೆ ಸೋರುವ ಕಟ್ಟಡ, ಮೇಲೆ ಆಳೆತ್ತರದ ಎತ್ತುಗಳು. ಮೂಗಿಗಿಂತ ಮೂಗುತಿ ಭಾರ. ಮಾಡಿದವರು ನಮ್ಮ ಹಿಂದಿನ ಬೀದಿಯ ಗಾರೆ ಮೇಸ್ತ್ರಿ. ಒಂದರ ಬೆನ್ನಿಗೆ ನೀಲಿ ಜೂಲು, ಇನ್ನೊಂದಕ್ಕೆ ಕೆಂಪು, ಕೊರಳಿಗೆ ಹಳದಿ ಗೆಜ್ಜೆ. ಚೆಂದವೋ ಚೆಂದ. ಆದರೆ ಎಡಗಡೆ ಎತ್ತಿನ ಒಂದು ಕೊಂಬನ್ನು ಅರ್ಧಕ್ಕೇ ಬಿಟ್ಟಿದ್ದರು.

ಬೇಕೆಂದೇ ಬಿಟ್ಟದ್ದು. ಮಾಡಿದ ಕೆಲಸದಲ್ಲಿ ಒಂದು ಕುಂದು ಉಳಿಸದಿದ್ದರೆ ದೃಷ್ಟಿಯಾಗಿ ಕೈಯೇ ನಿಂತುಹೋಗುತ್ತದೆ ಎಂಬುದು ಅವರ ನಂಬಿಕೆ. ಸಂತೆಗೆ ಬರುವ ರೈತರಿಗೆ ಅದೇ ಅಪಶಕುನ. ಕೊಂಬು ಮುರಿದ ಎತ್ತನ್ನು ಯಾರು ತಾನೇ ಕೊಳ್ಳುತ್ತಾರೆ?

"ಮೇಸ್ತ್ರಿ, ನಿನ್ ಎತ್ತು ಯಾರ್ ಜೊತೆ ಗುದ್ದಾಡ್ಕ ಬಂತ್ಲಾ?" ಎಂದು ಛೇಡಿಸುವರು. ಮೇಸ್ತ್ರಿ ನಗುತ್ತಿದ್ದರು, ಕೊಂಬು ಮಾತ್ರ ಮುಟ್ಟುತ್ತಿರಲಿಲ್ಲ. ಸಂಕ್ರಾಂತಿಗೆ ಮನೆಮನೆಯಲ್ಲಿ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚುವಾಗ ತಾವೂ ಏಣಿ ಹತ್ತಿ ಇವಕ್ಕೆ ಹೊಸ ಬಣ್ಣ ಬಳಿಯುವರು. ಆ ವಾರವೆಲ್ಲ ನಮ್ಮ ಮನೆಯಲ್ಲಿ ಇದೇ ವಾಸನೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ವರ್ಷ ಮಾರ್ಕೆಟ್ಟಿನ ವ್ಯಾಪಾರ ಕುಸಿಯಿತು. ಅಂಗಡಿಯವರು ತಪ್ಪನ್ನು ಆ ಕೊಂಬಿನ ಮೇಲೆ ಹೊರಿಸಿದರು. ಮೈಸೂರಿನಿಂದ ಬೇರೆ ಕೆಲಸದವನನ್ನು ಕರೆಸಿ ಸರಿ ಮಾಡಿಸುತ್ತೇವೆ ಎಂದರು. ಮಾತು ಕಿವಿಗೆ ಬಿದ್ದ ಮರುದಿನ ಬೆಳಿಗ್ಗೆಯೇ ಮೇಸ್ತ್ರಿ ಸಿಮೆಂಟು ಕಲಸಿಕೊಂಡು, ಕರಣೆ ಹಿಡಿದು ಏಣಿ ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಕೊಂಬು ಪೂರ್ತಿಯಾಯಿತು. ಇಳಿದು ಬಂದು ನಮ್ಮ ಜಗಲಿಯ ಮೇಲೆ ಕುಸಿದು ಕುಳಿತರು.

"ನೀವೇ ಯಾಕೆ ಮಾಡೋಕೆ ಹೋದ್ರಿ?" ಎಂದೆ.

"ಬ್ಯಾರೇವ್ರ ಕೈ ಅದ್ರ ಮ್ಯಾಲೆ ಬೀಳಾದ್ಕಿಂತ ನನ್ ಕೈಯೇ ಓಗ್ಲಿ ಬುಡಿ ಕಣವ್ವ."

ಆಮೇಲೆ ಅವರು ಕರಣೆ ಹಿಡಿಯಲಿಲ್ಲ. ವಯಸ್ಸೋ, ನಂಬಿಕೆಯೋ... ಕೈ ಸೋತಿತ್ತು. ಕಾಫಿ ಕೊಟ್ಟರೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುವರು. ಇತ್ತ ವ್ಯಾಪಾರವೇನೂ ಚಿಗುರಲಿಲ್ಲ. ನನಗೆ ಅಂಗಡಿಯವರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮುಂದೊಂದು ಬೇಸಿಗೆಯಲ್ಲಿ ಮೇಸ್ತ್ರಿ ತೀರಿಕೊಂಡರು.

ಈಗ ಎತ್ತುಗಳಿಗೆ ಯಾರು ಯಾರೋ ಬಣ್ಣ ಬಳಿಯುತ್ತಾರೆ. ಬಟ್ಟೆ ಒಣಹಾಕಲು ಮಹಡಿಗೆ ಹೋದರೆ ಎದುರಿಗೇ ಕಾಣುತ್ತವೆ. ನಾಲ್ಕು ಕೊಂಬೂ ನೆಟ್ಟಗಿವೆ. ಛೇಡಿಸಲು ಏನೂ ಇಲ್ಲವಲ್ಲ, ಸಂತೆಗೆ ಬಂದವರು ಒಬ್ಬರೂ ತಲೆಯೆತ್ತಿ ನೋಡುವುದಿಲ್ಲ. ನನಗೂ ಅವನ್ನು ನೋಡಿ ಸಾಕಾಗಿದೆ, ಬೆನ್ನು ಹಾಕಿ ಬಟ್ಟೆ ಹರವಿ ಇಳಿದು ಬರುತ್ತೇನೆ.